ಬಿರಡೆಯೂ ಹಲ್ಲುಚಕ್ರವೂ

ಹಳೆಯ ಬೀಟೆಯ ವೀಣೆಗಳ ತಲೆಯಿಂದ ಮರದ ಬಿರಡೆಗಳನ್ನು ಕಿತ್ತು, ಅವುಗಳ ಸ್ಥಾನದಲ್ಲಿ ಗಿಟಾರಿಗೆ ಹಾಕತಕ್ಕ ಲೋಹದ ಕೀಗಳನ್ನು ಕೂಡಿಸುವ ಪದ್ಧತಿಯೊಂದು ಕೆಲವು ದಶಕಗಳಿಂದ ನಮ್ಮಲ್ಲಿ ಬೇರೂರುತ್ತ ಬಂದಿರುವುದು ಸಂಗೀತಾಭ್ಯಾಸಿಗಳೆಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ಅದು ಯುಕ್ತವೇ ಅಯುಕ್ತವೇ ಎಂಬ ಚರ್ಚೆ ಮಾತ್ರ ಬಹುಮಟ್ಟಿಗೆ ಸಂಪ್ರದಾಯಪಕ್ಷದವರ ನಿಟ್ಟುಸಿರಿನಲ್ಲಿಯೋ ಸೌಕರ್ಯಪಕ್ಷದವರ ನಗೆಯಲ್ಲಿಯೋ ಮುಗಿದುಹೋಗುತ್ತದೆ. ಮೊದಲನೆಯವರ ಪಾಲಿಗೆ ಬಿರಡೆ ಋಷಿಪ್ರಣೀತವಾದುದು. ಎರಡನೆಯವರ ಪಾಲಿಗೆ ಅದು ಕಚೇರಿಯ ನಡುವೆ, ಅದೂ ರಾಗಾಲಾಪನೆ ತಾರಸ್ಥಾಯಿಗೆ ಏರಿದ ಹೊತ್ತಿನಲ್ಲಿಯೇ, ಕಿರ್ರನೆ ಹಿಂದಕ್ಕೆ ತಿರುಗಿ ಮಾನ ಕಳೆಯತಕ್ಕ ಮರದ ತುಂಡು. ಬಿರಡೆ ಏಕೆ ಜಾರುತ್ತದೆ, ಜಾರುವುದನ್ನು ನಿಲ್ಲಿಸಲು ನಮ್ಮ ಜನ ಅನುಸರಿಸುತ್ತಿರುವ ಉಪಾಯಗಳಲ್ಲಿ ಯಾವುದು ರೋಗವನ್ನು ಮುಟ್ಟುತ್ತದೆ, ಯಾವುದು ಕೇವಲ ಲಕ್ಷಣವನ್ನು ಮುಚ್ಚುತ್ತದೆ ಎಂಬ ಮೂಲಪ್ರಶ್ನೆಯ ಗೊಡವೆಗೆ ಎರಡು ಪಕ್ಷದವರೂ ಹೋಗುವುದಿಲ್ಲ. ಜಾರುವಿಕೆಯು ದ್ರವ್ಯದ ದೋಷವಲ್ಲ, ಸಂಧಿಯ ದೋಷ. ಮರವಾಗಲಿ ಹಿತ್ತಾಳೆಯಾಗಲಿ, ಒಂದು ಮೈ ಇನ್ನೊಂದು ಮೈಯನ್ನು ಎಷ್ಟು ಪೂರ್ಣವಾಗಿ ಮುಟ್ಟಿಕೊಂಡಿದೆಯೋ ಅಷ್ಟರ ಮಟ್ಟಿಗೆ ಶ್ರುತಿ ನಿಲ್ಲುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಆ ಅಳತೆಗೋಲಿನಿಂದಲೇ ಮುಂದಿನ ಪರೀಕ್ಷೆ ನಡೆಯತಕ್ಕದ್ದು.

ಈ ಪರೀಕ್ಷೆಗೆ ಹಾಸನದ ಸೀಮೆಗಿಂತ ಪ್ರಶಸ್ತವಾದ ಪ್ರದೇಶ ಸಿಕ್ಕುವುದು ಕಷ್ಟ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಮೊದಲಾದ ಅನೇಕ ವಿದ್ವಾಂಸರನ್ನು ನಾಡಿಗೆ ಕೊಟ್ಟ ಊರು. ಮೈಸೂರಿನ ವೀಣಾಸಂಪ್ರದಾಯದಲ್ಲಿ ವೆಂಕಟಗಿರಿಯಪ್ಪನವರ ಶಿಷ್ಯರಾಗಿ ಮೆರೆದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಹುಟ್ಟಿದುದು ಇದೇ ಜಿಲ್ಲೆಯ ಗದ್ದವಳ್ಳಿಯಲ್ಲಿ. ಆದರೆ ನಮ್ಮ ಪ್ರಸ್ತಾಪಕ್ಕೆ ಈ ಕೀರ್ತಿಗಿಂತ ಹೆಚ್ಚಾಗಿ ಬೇಕಾದುದು ಇಲ್ಲಿಯ ಹವೆ. ಬೇಲೂರು ಯಗಚಿಯ ದಡದಲ್ಲಿ ಮಲೆನಾಡಿನ ಹೊಸ್ತಿಲ ಮೇಲೆ ಕೂತಿದೆ. ಆಷಾಢ ಹಿಡಿಯಿತೆಂದರೆ ಗೋಡೆಯ ಸುಣ್ಣವೂ ಹಾಸಿಗೆಯ ಅರಳೆಯೂ ನೀರನ್ನು ಕುಡಿದುಕೊಂಡು ಕುಳಿತಿರುತ್ತವೆ. ಅರಸೀಕೆರೆಯಾದರೋ ಬಯಲುಸೀಮೆ, ತೆಂಗಿನ ತೋಟಗಳ ನೆರಳಿನಾಚೆಗೆ ಫಾಲ್ಗುಣ ಚೈತ್ರಗಳ ಬಿಸಿಗಾಳಿ ಮನೆಯೊಳಗಿನ ಮರದ ಸಾಮಾನಿನಿಂದ ಕಡೆಯ ಹನಿಯನ್ನೂ ಹೀರಿಕೊಳ್ಳುತ್ತದೆ. ಇವೆರಡರ ನಡುವೆ, ಬೇಲೂರಿಗೆ 16 ಕಿ.ಮೀ. ದೂರದಲ್ಲಿ, ಹಳೇಬೀಡು. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಒಂದು ಬೆಳಗಿನ ಪ್ರಯಾಣದಷ್ಟು ಅಂತರದಲ್ಲಿ, ವಾದ್ಯವೊಂದು ಎರಡು ಬೇರೆ ಬೇರೆ ದೇಶಗಳನ್ನು ಕಂಡಂತೆ ಹಿಗ್ಗಿ ಕುಗ್ಗಬೇಕಾಗುತ್ತದೆ. ಬೇಲೂರಿನ ಮಳೆಯಲ್ಲಿ ಕಚ್ಚಿಕೊಂಡು ಅಲುಗದೆ ನಿಂತಿದ್ದ ಬಿರಡೆ, ಅರಸೀಕೆರೆಯ ಮದುವೆಮನೆಯ ಬೇಸಗೆಯಲ್ಲಿ ಚೀಲದಿಂದ ಹೊರಬರುವ ಹೊತ್ತಿಗೆ ತಾನಾಗಿಯೇ ಬಿಟ್ಟುಕೊಂಡು, ಏಳು ತಂತಿಗಳೂ ದಂಡಿಯ ಮೇಲೆ ಸಡಿಲವಾಗಿ ಮಲಗಿರುವ ದೃಶ್ಯವನ್ನು ಈ ಕಡೆಯ ವೈಣಿಕರಿಗೆ ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ.

ಬಿರಡೆಯ ರಚನೆಯನ್ನು ನೋಡಿ. ಹಿಡಿಯ ಕಡೆ ದಪ್ಪವಾಗಿ ತುದಿಯ ಕಡೆಗೆ ಕ್ರಮಕ್ರಮವಾಗಿ ಸಣ್ಣಗಾಗುತ್ತ ಹೋಗುವ ಒಂದು ಕಾಂಡ. ಅದೇ ಕ್ರಮದಲ್ಲಿ ಸಣ್ಣಗಾಗುತ್ತ ಹೋಗುವಂತೆ ಕೊರೆದ ರಂಧ್ರ. ತಿರುಪಿಲ್ಲ, ಮೊಳೆಯಿಲ್ಲ, ಅಂಟಿಲ್ಲ. ಕಾಂಡವನ್ನು ಒಳಕ್ಕೆ ಒತ್ತಿದಾಗ ಇಳಿಜಾರಾದ ಎರಡು ಮೈಗಳು ಪರಸ್ಪರ ಬಿಗಿಯಾಗಿ, ಅವುಗಳ ಘರ್ಷಣೆಯೇ ತಂತಿಯ ಸೆಳೆತಕ್ಕೆ ಎದುರು ನಿಲ್ಲುತ್ತದೆ. ಇಳಿಜಾರು ಹೆಚ್ಚಾದರೆ ಬಿರಡೆ ಹೊರಕ್ಕೆ ಚಿಮ್ಮುತ್ತದೆ; ಕಡಿಮೆಯಾದರೆ ಒಳಕ್ಕೆ ಹೂತುಹೋಗಿ ತಿರುಗುವುದೇ ಇಲ್ಲ. ಪಿಟೀಲಿನವರು ಬಹುಕಾಲದ ಅನುಭವದಿಂದ 30 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಎಂಬ ಪ್ರಮಾಣವನ್ನು ಗೊತ್ತುಮಾಡಿಕೊಂಡಿದ್ದಾರೆ. ನಮ್ಮ ವೀಣೆಯ ಕುಶಲಿಗಳು ಅಂಕಿಯಲ್ಲಿ ಹೇಳದೆ ಕೈಯಲ್ಲಿ ತಿಳಿದಿರುವುದು ಇದನ್ನೇ.

ಈ ಸರಳ ವ್ಯವಸ್ಥೆಗೆ ಶತ್ರು ಮರದ ಸ್ವಭಾವವೇ. ಒಣಗುವಾಗ ಮರವು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಅದರ ಸಂಕೋಚ ಇಲ್ಲವೆಂದೇ ಹೇಳಬಹುದಾದಷ್ಟು ಅಲ್ಪ, ಅಡ್ಡಕ್ಕೆ ಮಾತ್ರ ಗಣನೀಯ. ಆ ಅಡ್ಡದಲ್ಲಿಯೂ ವರ್ಷವಲಯಗಳ ಗುಂಟ ಆಗುವ ಸಂಕೋಚವು ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಇಮ್ಮಡಿ. ಹೀಗಾಗಿ ಕಡೆದ ದಿನ ನಿಷ್ಕೃಷ್ಟವಾಗಿ ವೃತ್ತಾಕಾರವಾಗಿದ್ದ ಕಾಂಡವು ಕೆಲವು ಮಳೆಗಾಲ ಬೇಸಗೆಗಳನ್ನು ಕಂಡಮೇಲೆ ಅಂಡಾಕಾರವಾಗುತ್ತದೆ; ಅದು ಕೂತಿರುವ ರಂಧ್ರವೂ, ತನ್ನ ಮರದ ನಾರು ಬೇರೆ ದಿಕ್ಕಿಗೆ ಓಡುವುದರಿಂದ, ಇನ್ನೊಂದು ದಿಕ್ಕಿಗೆ ಅಂಡಾಕಾರವಾಗುತ್ತದೆ. ಸುತ್ತ ಎಲ್ಲೆಡೆ ಮುಟ್ಟಿಕೊಂಡಿದ್ದ ಮೈಗಳು ಈಗ ಎರಡು ಕಡೆ ಮಾತ್ರ ಮುಟ್ಟುತ್ತವೆ. ಒಂದು ಸ್ಥಾನದಲ್ಲಿ ಬಿಗಿಯಾಗಿ ಹಿಡಿದ ಬಿರಡೆ ಕಾಲು ಸುತ್ತು ತಿರುಗಿಸಿದೊಡನೆ ಪಕ್ಕನೆ ಸಡಿಲವಾಗುವುದು, ಮತ್ತೆ ಕಾಲು ಸುತ್ತಿಗೆ ಕಚ್ಚಿಕೊಳ್ಳುವುದು, ಈ ಕಾರಣದಿಂದಲೇ ಹೊರತು ವಾದ್ಯಕ್ಕೆ ಯಾರದೋ ಕಣ್ಣು ತಾಗಿದ್ದರಿಂದಲ್ಲ.

ಇನ್ನು ಚಿಕಿತ್ಸೆಗಳು. ಎಲ್ಲಕ್ಕಿಂತ ಸುಲಭವಾದುದೂ ಸರ್ವತ್ರ ಪ್ರಚಲಿತವಾದುದೂ ಸೀಮೆಸುಣ್ಣ. ಬಿರಡೆಯನ್ನು ಹೊರತೆಗೆದು ಹೊಳಪೇರಿರುವ ಉಂಗುರದಂಥ ಎಡೆಗಳಿಗೆ ಸೀಮೆಸುಣ್ಣ ತಿಕ್ಕಿ ಮತ್ತೆ ಕೂಡಿಸಿದರೆ ಅದು ನಿಲ್ಲುತ್ತದೆ. ಅತಿಯಾಗಿ ನಿಂತು ತಿರುಗದಿದ್ದರೆ ಒಣ ಸಾಬೂನನ್ನು ಒಂದಿಷ್ಟು ಸವರುತ್ತಾರೆ. ಎರಡನ್ನೂ ಹದವರಿತು ಬೆರೆಸಿ ಬಳಸುವುದು ಪಿಟೀಲು ರಿಪೇರಿಯವರಲ್ಲಿ ವಾಡಿಕೆ. ಇದನ್ನು ನಾನು ದೂಷಿಸುವುದಿಲ್ಲ. ಮೈಗಳೆರಡೂ ಬಹುಮಟ್ಟಿಗೆ ಸರಿಯಾಗಿ ಕೂಡಿಕೊಂಡಿರುವಲ್ಲಿ ಇದು ಸಾಕಾದಷ್ಟು ಚಿಕಿತ್ಸೆ. ಆದರೆ ಅಂಡಾಕಾರವಾಗಿ ಹೋಗಿರುವ ಬಿರಡೆಗೆ ವಾರಕ್ಕೊಂದು ಸಲ ಸೀಮೆಸುಣ್ಣ ಬಳಿಯುತ್ತ ಹೋದರೆ, ಆ ಪುಡಿ ಅರೆಯುವ ಕಲ್ಲಿನಂತೆ ವರ್ತಿಸಿ ಮುಟ್ಟಿಕೊಂಡಿರುವ ಎರಡು ಎಡೆಗಳನ್ನೂ ಸವೆಸಿ, ಇದ್ದ ಸಂಬಂಧವನ್ನೂ ಹಾಳುಮಾಡುತ್ತದೆ. ರಾಳ ಹಾಕುವವರೂ ಉಂಟು. ರಾಳದ ಬಿರಡೆ ಸಣ್ಣ ಸಣ್ಣ ಜಿಗಿತಗಳಲ್ಲಿ ತಿರುಗುವುದರಿಂದ ಶ್ರುತಿ ಒಂದೋ ಮೇಲಕ್ಕೆ ಹಾರುತ್ತದೆ, ಇಲ್ಲವೇ ಕೆಳಕ್ಕೆ ಬೀಳುತ್ತದೆ, ಬೇಕಾದ ಕಡೆ ಮಾತ್ರ ನಿಲ್ಲುವುದಿಲ್ಲ.

ಇಲ್ಲಿ ಸ್ಥಳೋಚಿತವಾದ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಟ್ಟಿರುವ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು ಗಾಳಿಬಿಸಿಲಿಗೆ ಬಿದ್ದಮೇಲೆ ಗಡಸಾಗುವಂಥದು. ಮದನಿಕೆಯ ಬೆರಳಿನ ಉಂಗುರವನ್ನೂ ಜಡೆಯ ಹೆರಳನ್ನೂ ಬಿಡಿಸಿ ಕಡೆಯುವುದಕ್ಕೆ ಶಿಲ್ಪಿಗೆ ಸಾಧ್ಯವಾದುದು ಆ ಗುಣದಿಂದಲೇ. ಈ ಕಲ್ಲಿನ ನುಣ್ಪುಜಾತಿಯ ಪುಡಿಯನ್ನು ಸೀಮೆಸುಣ್ಣಕ್ಕೆ ಪರ್ಯಾಯವೆಂದು ಭಾವಿಸಿ ಬಿರಡೆಗೆ ಹಾಕಿದರೆ ಪರಿಣಾಮ ವಿಪರೀತವಾಗುತ್ತದೆ. ಮುಖಕ್ಕೆ ಹಚ್ಚುವ ಪೌಡರಿನಲ್ಲಿರುವ ಖನಿಜವೇ ಅದರಲ್ಲಿಯೂ ಇರುವುದರಿಂದ ಅದು ಜಾರಿಸತಕ್ಕದ್ದು, ಹಿಡಿಯತಕ್ಕದ್ದಲ್ಲ. ಮಳೆಗಾಲದಲ್ಲಿ ಕಚ್ಚಿಕೊಂಡ ಬಿರಡೆಗೆ ಮುಖದ ಪೌಡರು ಒಳ್ಳೆಯ ಮದ್ದು. ಬೇಸಗೆಯಲ್ಲಿ ಜಾರುವ ಬಿರಡೆಗೆ ಅದು ವಿಷ. ಸೀಮೆಸುಣ್ಣವೂ ಪೌಡರೂ ಬಿಳಿಯ ಪುಡಿಗಳೇ ಆದುದರಿಂದ ಈ ಪ್ರಮಾದ ಆಗುತ್ತಲೇ ಇರುತ್ತದೆ.

ಎರಡನೆಯ ಚಿಕಿತ್ಸೆ ಕಾಗದ. ಕ್ಯಾಲೆಂಡರಿನ ಚೂರನ್ನೋ ಹಳೆಯ ಪಂಚೆಯ ಅಂಚನ್ನೋ ಬಿರಡೆಗೆ ಸುತ್ತಿ ರಂಧ್ರಕ್ಕೆ ತುರುಕುವ ಈ ಉಪಾಯವು, ಕಾಲು ಕುಂಟುವ ಮೇಜಿನಡಿಗೆ ಕಾಗದ ಮಡಿಸಿ ಇಡುವ ಬುದ್ಧಿಗೆ ಸೇರಿದ್ದು. ಮೇಜಿಗೆ ಅದರಿಂದ ಕೇಡಿಲ್ಲ, ವೀಣೆಗೆ ಉಂಟು. ಕಾಗದವು ಒಂದೇ ಕಡೆ ದಪ್ಪವಾಗಿ ಕೂತು ಬಿರಡೆಯನ್ನು ಓರೆಯಾಗಿ ಒತ್ತುತ್ತದೆ. ಒತ್ತಡವೆಲ್ಲ ರಂಧ್ರದ ಒಂದು ಅಂಚಿನ ಮೇಲೆ ಬೀಳುತ್ತದೆ. ಆಷಾಢ ಬಂದು ಬಿರಡೆಯೂ ಕಾಗದವೂ ಒಟ್ಟಿಗೆ ಹಿಗ್ಗಿದಾಗ, ಬಿರಡೆಪೆಟ್ಟಿಗೆಯ ಪಕ್ಕದ ಹಲಗೆ ನಾರಿನ ಗುಂಟ ಸೀಳುತ್ತದೆ. ಆ ಸೀಳು ಕೂದಲೆಳೆಯಷ್ಟಿದ್ದರೂ ಸಾಕು, ಆಮೇಲೆ ಯಾವ ಬಿರಡೆಯೂ ಅಲ್ಲಿ ನಿಲ್ಲದು. ವೀಣೆಯನ್ನು ಊರಿನ ಬಡಗಿಯ ಅಂಗಡಿಗೆ ಹೊತ್ತುಕೊಂಡು ಹೋಗಿ, “ಬಿರಡೆ ನಿಲ್ಲಾದೇ ಇಲ್ಲ ಆಚಾರ್ರೇ, ಏನಾದ್ರೂ ಮಾಡಿಕೊಡಿ” ಎಂದು ಕೇಳುವ ಗೃಹಿಣಿಗೆ, “ಒಂದಿಷ್ಟು ಫೆವಿಕಾಲ್ ಬಿಟ್ಟು ಬಿಗಿ ಮಾಡ್ಕೊಡ್ತೀನಿ ಬುಡಿ ಅಮ್ಮ” ಎಂಬ ಉತ್ತರ ಬರುವುದೂ ಉಂಟು. ಆಚಾರಿಯ ದೃಷ್ಟಿಯಲ್ಲಿ ಸಡಿಲವಾದ ಕೀಲನ್ನು ಬಿಗಿ ಮಾಡುವುದೆಂದರೆ ಮತ್ತೆ ಅಲುಗದಂತೆ ಮಾಡುವುದು. ಬಾಗಿಲಿನ ಚೌಕಟ್ಟಿಗೂ ತೇರಿನ ಹಲಗೆಗೂ ಅದೇ ಧರ್ಮ. ಬೇಕೆಂದಾಗ ತಿರುಗಿ ಬೇಡವೆಂದಾಗ ನಿಲ್ಲತಕ್ಕ ಸಂಧಿ ಅವನ ವೃತ್ತಿಯಲ್ಲಿ ಅಪರೂಪವಾದುದರಿಂದ, ತಪ್ಪನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಸರಿಯಾದ ಚಿಕಿತ್ಸೆ ಯಾವುದೆಂದರೆ ಸಂಧಿಯನ್ನು ಪುನಃ ಹುಟ್ಟಿಸುವುದು. ರಂಧ್ರವನ್ನು ಶಂಕುವಿನಾಕಾರದ ರೀಮರಿನಿಂದ, ಎಲ್ಲ ಕಡೆಯೂ ಸಮನಾಗಿ ಅತ್ಯಲ್ಪವಾಗಿ ಕೆರೆದು, ಮತ್ತೆ ವೃತ್ತಾಕಾರಕ್ಕೆ ತರಬೇಕು; ಬಿರಡೆಯನ್ನು ಅದೇ ಇಳಿಜಾರಿಗೆ ಕಡೆದು ಅಥವಾ ಹೆರೆದು ಹೊಂದಿಸಬೇಕು; ಕೂಡಿಸಿ ತಿರುಗಿಸಿ ಹೊರತೆಗೆದು ನೋಡಿದರೆ ಎರಡು ಹಲಗೆಗಳ ಎಡೆಯಲ್ಲಿಯೂ ಹೊಳಪಿನ ಉಂಗುರ ಸುತ್ತಲೂ ಅಖಂಡವಾಗಿ ಮೂಡಿರಬೇಕು. ಉಂಗುರ ಎಲ್ಲಿ ತುಂಡಾಗಿದೆಯೋ ಅಲ್ಲಿ ಸಂಧಿ ಇನ್ನೂ ಸುಳ್ಳು. ರಂಧ್ರ ವಿಪರೀತ ದೊಡ್ಡದಾಗಿದ್ದರೆ ಅದೇ ಜಾತಿಯ ಮರದ ತುಂಡಿನಿಂದ ಅದನ್ನು ತುಂಬಿ ಹೊಸದಾಗಿ ಕೊರೆಯಬೇಕು. ಇದಾದಮೇಲೆ ತಂತಿಯ ಸುತ್ತು. ಇದನ್ನು ಕಲಿಸುವ ಗುರುಗಳು ವಿರಳವಾಗುತ್ತಿದ್ದಾರೆ. ತಂತಿಯು ರಂಧ್ರದಿಂದ ಹೊರಟು ಬಿರಡೆಯ ಹಿಡಿಯ ಕಡೆಗೆ ಒತ್ತಾಗಿ ಸರಿಯುತ್ತ ಬಂದು ಪೆಟ್ಟಿಗೆಯ ಹಲಗೆಯ ಸಮೀಪದಲ್ಲಿ ನಿಲ್ಲುವಂತೆ ಸುತ್ತಿದರೆ, ಅದರ ಸೆಳೆತವೇ ಬಿರಡೆಯನ್ನು ಒಳಕ್ಕೆ ಎಳೆದುಕೊಂಡು ಭದ್ರಪಡಿಸುತ್ತದೆ. ವಿರುದ್ಧ ದಿಕ್ಕಿಗೆ ಸುತ್ತಿದರೆ ಅದೇ ಸೆಳೆತ ಬಿರಡೆಯನ್ನು ದಿನದಿನಕ್ಕೂ ಹೊರಕ್ಕೆ ದೂಡುತ್ತಿರುತ್ತದೆ. ಜಾರುತ್ತದೆಂದು ದೂರುವ ವಾದ್ಯಗಳಲ್ಲಿ ಎಷ್ಟೋ ವಾದ್ಯಗಳಿಗೆ ರೋಗವಿರುವುದು ಮರದಲ್ಲಿ ಅಲ್ಲ, ಈ ಸುತ್ತಿನಲ್ಲಿ.

ತಿರುಗಣಿಯ ವಿದ್ಯೆ ಈ ಸೀಮೆಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವಾಲಯದಲ್ಲಿಯೂ ಅದರ ಬೆನ್ನಿಗೇ ಎದ್ದ ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಕಂಬಗಳ ಮೈಮೇಲೆ ಕಾಣುವ ಉಂಗುರದ ಗೆರೆಗಳು, ಅಷ್ಟು ಭಾರವಾದ ಶಿಲೆಯನ್ನು ತಿರುಗಿಸುತ್ತ ಕಡೆದುದಕ್ಕೆ ಸಾಕ್ಷಿಯಾಗಿವೆ. ಬೇಲೂರಿನ ನವರಂಗದ ನರಸಿಂಹಕಂಬ ಹಿಂದೊಮ್ಮೆ ತನ್ನ ಅಚ್ಚಿನ ಮೇಲೆ ತಿರುಗುತ್ತಿತ್ತೆಂದು ಸ್ಥಳೀಯರು ಹೇಳುತ್ತಾರೆ. ಐತಿಹ್ಯದ ಸತ್ಯಾಸತ್ಯ ಹೇಗಾದರೂ ಇರಲಿ, ತಿರುಗುವುದಕ್ಕೂ ನಿಲ್ಲುವುದಕ್ಕೂ ನಡುವಣ ಸೂಕ್ಷ್ಮವು ಈ ನೆಲದ ಜನರ ಕಲ್ಪನೆಯನ್ನು ಸೆಳೆದಿತ್ತೆಂಬುದನ್ನಂತೂ ಅದು ತೋರಿಸುತ್ತದೆ. ಶಾಸನಗಳು ಗೀತ ವಾದ್ಯ ನೃತ್ಯಗಳಲ್ಲಿ ನಿಪುಣೆಯೆಂದು ಹೊಗಳುವ ಹೊಯ್ಸಳರಾಣಿ ಶಾಂತಲೆಯ ಕಾಲದ ವೀಣೆಗಳು ಈಗಿನವಲ್ಲ. ಹೊಯ್ಸಳ ಶಿಲ್ಪದಲ್ಲಿ ಕಾಣಬರುವುವು ಬಹುಮಟ್ಟಿಗೆ ದಂಡಕ್ಕೆ ಸೋರೆಬುರುಡೆ ಕಟ್ಟಿದ ಜಾತಿಯವು. ಈಗ ನಾವು ಸರಸ್ವತೀವೀಣೆಯೆನ್ನುವ 24 ಮೆಟ್ಟಿಲಿನ ವಾದ್ಯ ರೂಪುಗೊಂಡುದು 17ನೆಯ ಶತಮಾನದಲ್ಲಿ, ತಂಜಾವೂರಿನ ರಘುನಾಥನಾಯಕನ ಆಶ್ರಯದಲ್ಲಿ.

ಶ್ರುತಿ ನಿಲ್ಲಬೇಕೆಂಬ ಹಂಬಲ ಮಾತ್ರ ಹಳೆಯದು. ಅರಸೀಕೆರೆಯ ಶಿವಾಲಯ ಕಟ್ಟಿದ 1220ರ ಆಸುಪಾಸಿನಲ್ಲಿ, ಹೊಯ್ಸಳರ ಎದುರಾಳಿಗಳಾದ ಸೇವುಣರ ದೇವಗಿರಿಯಲ್ಲಿ ರಾಜ್ಯವಾಳುತ್ತಿದ್ದವನು ಸಿಂಘಣ. ಅವನ ಆಶ್ರಯದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಇಪ್ಪತ್ತೆರಡು ಶ್ರುತಿಗಳನ್ನು ಸಿದ್ಧಪಡಿಸಿ ತೋರಿಸುವುದಕ್ಕಾಗಿ, ತಲಾ 22 ತಂತಿಗಳ ಎರಡು ವೀಣೆಗಳನ್ನು ಒಂದೇ ಸಮನಾಗಿ ಶ್ರುತಿಗೂಡಿಸಿ, ಒಂದನ್ನು ಧ್ರುವವೆಂದು ಮುಟ್ಟದೆ ಇಟ್ಟು ಇನ್ನೊಂದನ್ನು ಚಲವೆಂದು ಇಳಿಸುತ್ತ ಹೋಗುವ ಪ್ರಯೋಗವನ್ನು ಹೇಳುತ್ತಾನೆ. ಶಾಸ್ತ್ರಜ್ಞರು ಈ ಪ್ರಯೋಗದ ಗಣಿತವನ್ನು ಕುರಿತು ಗ್ರಂಥಗಳನ್ನೇ ಬರೆದಿದ್ದಾರೆ. ಆದರೆ ಆ ಇಡೀ ತರ್ಕಸೌಧ ನಿಂತಿರುವುದು, ಪ್ರಯೋಗ ಮುಗಿಯುವ ತನಕ ಧ್ರುವವೀಣೆಯ 22 ತಂತಿಗಳಲ್ಲಿ ಒಂದೂ ಜಾರುವುದಿಲ್ಲವೆಂಬ ನಂಬಿಕೆಯ ಮೇಲೆ. ಬೇಲೂರಿನ ಆಷಾಢದಲ್ಲಿ ಅದನ್ನು ಮಾಡಿನೋಡಿದ್ದರೆ ಆಚಾರ್ಯರು ಚಲಕ್ಕೂ ಧ್ರುವಕ್ಕೂ ಬೇರೆ ಲಕ್ಷಣವನ್ನೇ ಬರೆಯಬೇಕಾಗುತ್ತಿತ್ತೇನೋ.

ಈಗ ಲೋಹದ ಯಂತ್ರಕ್ಕೆ ಬರೋಣ. ಅದರ ಯೋಗ್ಯತೆಯನ್ನು ಅಳೆಯಬೇಕಾದರೆ ಅದು ಎಲ್ಲಿ ಅನಿವಾರ್ಯವಾಯಿತೋ ಅಲ್ಲಿಗೇ ಹೋಗಿ ನೋಡುವುದು ನ್ಯಾಯ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ನಿಂತು, ವಾದಕನು ಎದ್ದುನಿಂತೋ ಎತ್ತರದ ಮಣೆಯ ಮೇಲೆ ಕೂತೋ ನುಡಿಸಬೇಕಾದ ಡಬಲ್ ಬಾಸ್ ಎಂಬ ಮಹಾವಾದ್ಯವನ್ನು ನಮ್ಮ ಜನ ಹೆಸರು ತಿಳಿಯದೆ ಹಳೆಯ ಚಲನಚಿತ್ರಗೀತೆಗಳ ಅಡಿದನಿಯಲ್ಲಿ ಕೇಳಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇದ್ದುದರಿಂದ ಆ ವಾದ್ಯಕುಲ ನಮಗೆ ತೀರ ಅಪರಿಚಿತವೂ ಅಲ್ಲ. ಈಗಿನ ಉಕ್ಕಿನ ತಂತಿ ಹಾಕಿದ ಡಬಲ್ ಬಾಸಿನಲ್ಲಿ ಒಂದೊಂದು ತಂತಿಯ ಸೆಳೆತ 25ರಿಂದ 30 ಕಿಲೋಗ್ರಾಮಿನ ಆಸುಪಾಸು. ಪಿಟೀಲಿನ ನಾಲ್ಕು ತಂತಿಗಳೂ ಸೇರಿ ಎಳೆಯುವಷ್ಟನ್ನು ಇಲ್ಲಿ ಒಂದೇ ತಂತಿ ಎಳೆಯುತ್ತದೆ. ಈ ವಾದ್ಯದ ದಪ್ಪ ತಂತಿಗಳ ಸೆಳೆತವನ್ನು ಬರಿಯ ಮರದ ಘರ್ಷಣೆಯಿಂದ ತಡೆಯುವುದೂ ತಡೆದದ್ದನ್ನು ಕೈಯಿಂದ ತಿರುಗಿಸುವುದೂ ದುಸ್ಸಾಧ್ಯವೆಂದು ಕಂಡ ಬರ್ಲಿನ್ನಿನ ಕಾರ್ಲ್ ಲುಡ್ವಿಗ್ ಬಾಕ್ಮನ್ 1778ರಲ್ಲಿ ಅದಕ್ಕೆ ತಿರುಪುಸುರುಳಿಯ ಯಂತ್ರವನ್ನು ಅಳವಡಿಸಿದನು. ಕೈಹಿಡಿಗೆ ಸೇರಿದ ಸುರುಳಿಯು ತಂತಿ ಸುತ್ತುವ ಕಾಂಡಕ್ಕೆ ಸೇರಿದ ಹಲ್ಲುಚಕ್ರವನ್ನು ತಿರುಗಿಸಬಲ್ಲುದು. ಚಕ್ರವು ಮಾತ್ರ ಸುರುಳಿಯನ್ನು ತಿರುಗಿಸಲಾರದು. ಸುರುಳಿಯ ಇಳಿಜಾರು ಅಷ್ಟು ಮಂದವಾಗಿರುವುದರಿಂದ ತಂತಿಯ ಸೆಳೆತವೆಲ್ಲ ಅಲ್ಲಿಗೇ ಬಂದು ಸೋಲುತ್ತದೆ. ಇದು ಬುದ್ಧಿಯ ಕೆಲಸ, ಸಂದೇಹವಿಲ್ಲ.

ಆದರೂ ಡಬಲ್ ಬಾಸಿನ ಯಂತ್ರಗಳು ಜಾರುತ್ತವೆ. ಹಿಂದಕ್ಕೆ ತಿರುಗದಂತೆ ರಚಿತವಾದ ಯಂತ್ರವೇ ಜಾರುವುದಾದರೆ ಅದು ಹೇಗೆ ಎಂದು ಪರೀಕ್ಷಿಸಿದರೆ, ದೋಷ ಸಾಮಾನ್ಯವಾಗಿ ಹಲ್ಲಿನಲ್ಲಿ ಇರುವುದಿಲ್ಲ. ಹಿತ್ತಾಳೆಯ ತಗಡನ್ನು ಮರದ ಹಲಗೆಗೆ ಹಿಡಿದಿರುವ ಸಣ್ಣ ಸಣ್ಣ ತಿರುಪುಗಳಲ್ಲಿ ಇರುತ್ತದೆ. ವರ್ಷಗಳ ಸೆಳೆತಕ್ಕೂ ಹವೆಯ ಏರಿಳಿತಕ್ಕೂ ಮರದ ತೂತು ಅಗಲವಾಗಿ, ತಿರುಪು ಹಿಡಿತ ಕಳೆದುಕೊಂಡು, ತಗಡು ಕೂದಲೆಳೆಯಷ್ಟು ಅಲುಗಿದರೂ ಸುರುಳಿಗೂ ಚಕ್ರಕ್ಕೂ ನಡುವೆ ಅಂತರ ಬೀಳುತ್ತದೆ. ಕಾಂಡದ ಇನ್ನೊಂದು ತುದಿ ಕೂತಿರುವ ಎದುರು ಹಲಗೆಯ ರಂಧ್ರ ಸವೆದಿದ್ದರಂತೂ ಕಾಂಡವೇ ಓರೆಯಾಗಿ, ಹಲ್ಲುಗಳು ತುದಿಗಳಲ್ಲಿ ಮಾತ್ರ ಮುಟ್ಟುತ್ತವೆ. ಚಕ್ರವನ್ನು ಕಾಂಡಕ್ಕೆ ಹಿಡಿದಿರುವ ಒಂದೇ ತಿರುಪು ಸಡಿಲವಾಗುವುದೂ ಸಾಮಾನ್ಯ. ಸುರುಳಿಯು ಚಕ್ರದ ಯಾವ ಕಡೆಗಿದೆಯೆಂಬುದೂ ಮುಖ್ಯ: ತಂತಿಯ ಸೆಳೆತ ಚಕ್ರವನ್ನು ಸುರುಳಿಯ ಮೇಲೆ ಒತ್ತುವಂತಿದ್ದರೆ ಯಂತ್ರ ಸವೆದರೂ ನಿಲ್ಲುತ್ತದೆ, ಸುರುಳಿಯಿಂದ ದೂರಕ್ಕೆ ಎಳೆಯುವಂತಿದ್ದರೆ ಸಣ್ಣ ಸಡಿಲಿಕೆಯೂ ದೊಡ್ಡ ಜಾರುವಿಕೆಯಾಗುತ್ತದೆ. ಹಾಗಾದರೆ ಇದಕ್ಕೆ ಮದ್ದೇನು? ಹೆಚ್ಚು ಉದ್ದದ ತಿರುಪನ್ನು ಹೊಡೆಯುವುದಲ್ಲ, ಏಕೆಂದರೆ ಅದು ಹಲಗೆಯನ್ನು ಸೀಳಬಹುದು. ಹಾಳಾದ ತೂತಿಗೆ ಗಟ್ಟಿಮರದ ಕಡ್ಡಿಯನ್ನು ಅಂಟು ಹಾಕಿ ತುಂಬಿ, ಒಣಗಿದಮೇಲೆ ಸಣ್ಣದಾಗಿ ಕೊರೆದು, ಹಳೆಯ ತಿರುಪನ್ನೇ ಮತ್ತೆ ಕೂಡಿಸುವುದು. ಎದುರು ಹಲಗೆಯ ರಂಧ್ರ ಸವೆದಿದ್ದರೆ ಅದನ್ನೂ ಮರದಿಂದಲೇ ತುಂಬಿ ಕಾಂಡಕ್ಕೆ ಸರಿಯಾಗಿ ಕೊರೆಯುವುದು. ವೀಣೆಯ ಬಿರಡೆಗೆ ನಾವು ಹೇಳಿದ ಚಿಕಿತ್ಸೆಗೂ ಇದಕ್ಕೂ ತತ್ತ್ವದಲ್ಲಿ ಯಾವ ಭೇದವೂ ಇಲ್ಲ. ಯಂತ್ರವು ಮರದ ಸಮಸ್ಯೆಯನ್ನು ಪರಿಹರಿಸಿಲ್ಲ, ಒಂದು ಅಂಗುಲ ಆಚೆಗೆ ಸರಿಸಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ವೀಣೆಯ ತಲೆಯ ಮೇಲಿನ ಗಿಟಾರ್ ಕೀಗಳನ್ನು ನೋಡಿದರೆ, ಅವುಗಳ ಪರವಾಗಿ ಹೇಳುವ ಕಾರಣಗಳಲ್ಲಿ ಒಂದು ಗಟ್ಟಿಯಾದುದು, ಇನ್ನೊಂದು ಪೊಳ್ಳು. ಗಟ್ಟಿಯಾದುದು ಶಕ್ತಿಯದು. ಮುಪ್ಪಿನಿಂದ ಬೆರಳ ಗೆಣ್ಣು ಹಿಡಿದಿರುವ ವೈಣಿಕೆಗೆ, ಒತ್ತುತ್ತ ತಿರುಗಿಸಬೇಕಾದ ಬಿರಡೆ ಪ್ರತಿದಿನದ ಶಿಕ್ಷೆ. ಎರಡು ಬೆರಳಿನಿಂದ ತಿರುಗಿಸಬಹುದಾದ ಕೀ ಅವಳ ಪಾಲಿಗೆ ಸಂಗೀತವನ್ನೇ ಉಳಿಸಿಕೊಟ್ಟಂತೆ. ಇದಕ್ಕೆ ಎದುರಾಡತಕ್ಕವರು ಯಾರೂ ಇಲ್ಲ. ಪೊಳ್ಳಾದುದು ಸೂಕ್ಷ್ಮತೆಯದು. ಲೆಕ್ಕ ಹಾಕಿನೋಡಿದರೆ, 1 ಸೆಂ.ಮೀ. ದಪ್ಪದ ಬಿರಡೆಯು 1 ಡಿಗ್ರಿ ತಿರುಗಿದಾಗ ತಂತಿಯು ಹೆಚ್ಚುಕಡಿಮೆ 0.09 ಮಿ.ಮೀ. ಸಡಿಲವಾಗುತ್ತದೆ, ಮೊದಲನೆಯ ತಂತಿಯಾದ ಉಕ್ಕಿನ ಸಾರಣಿಯಲ್ಲಿ ಅಷ್ಟೇ ಸಾಕು, ಸ್ವರ ಅರ್ಧಸ್ವರದ ಕಾಲುಭಾಗದಷ್ಟು ಇಳಿದುಹೋಗುತ್ತದೆ. ಒಂದು ಡಿಗ್ರಿಯನ್ನು ಕೈಯಳತೆಯಲ್ಲಿ ಹಿಡಿಯುವುದು ಯಾರಿಗೂ ಸುಲಭವಲ್ಲವಾದುದರಿಂದ, ಹದಿನಾಲ್ಕೋ ಹದಿನಾರೋ ಸುತ್ತಿಗೆ ಒಂದು ಸುತ್ತು ತಿರುಗುವ ಯಂತ್ರ ಅವಶ್ಯವೆಂದು ವಾದಿಸುತ್ತಾರೆ. ಆದರೆ ನಮ್ಮ ವಾದ್ಯ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಾಗಿದೆ. ವೀಣೆಯ ತಂತಿಯ ಇನ್ನೊಂದು ತುದಿಯಲ್ಲಿ, ನಾಗಪಾಶದ ಬಳಿ, ಲಂಗರು ಇದೆ. ಅದರ ಉಂಗುರವನ್ನು ಸ್ವಲ್ಪ ಸರಿಸಿದರೆ ಬಿರಡೆಯಿಂದ ಹಿಡಿಯಲಾಗದ ಭೇದ ಕೈಗೆ ಸಿಕ್ಕುತ್ತದೆ. ತಂಬೂರಿಯಲ್ಲಿ ಅದೇ ಕೆಲಸವನ್ನು ಮಣಿ ಮಾಡುತ್ತದೆ. ಒರಟು ಶ್ರುತಿಗೆ ಬಿರಡೆ, ನಯಕ್ಕೆ ಲಂಗರು ಎಂಬ ಈ ಕಾರ್ಯವಿಭಾಗ ಹಲ್ಲುಚಕ್ರವಿಲ್ಲದೆಯೇ ಸಾಧಿಸಿದ ಚಾತುರ್ಯ. ಲಂಗರಿನ ಬಳಕೆಯನ್ನು ಮರೆತವರಿಗೆ ಮಾತ್ರ ಯಂತ್ರದ ಸೂಕ್ಷ್ಮತೆ ವರವಾಗಿ ಕಾಣುತ್ತದೆ.

ಸಂಪ್ರದಾಯಪಕ್ಷದವರು ಒಡ್ಡುವ ನಾದಹಾನಿಯ ವಾದವನ್ನೂ ನಾನು ಒಪ್ಪಲಾರೆ. ಮರದ ಬಿರಡೆ ಹೋಗಿ ಲೋಹ ಬಂದರೆ ವೀಣೆಯ ನಾದ ಕಂಚಿನಂತಾಗುತ್ತದೆಂದು ಹೇಳುವವರನ್ನು ಪರದೆಯಾಚೆ ಕೂಡಿಸಿ ಕೇಳಿಸಿದರೆ ಅವರಲ್ಲಿ ಬಹುಮಂದಿ ಯಾವುದು ಯಾವುದೆಂದು ಹೇಳಲಾರರೆಂದು ನನ್ನ ಊಹೆ. ನನ್ನ ಆಕ್ಷೇಪ ಬೇರೆ. ಕೀಯ ಕಾಂಡ ನೇರವಾದುದು, ಬಿರಡೆಯ ರಂಧ್ರ ಇಳಿಜಾರಾದುದು. ಒಂದನ್ನು ಕೂಡಿಸಬೇಕಾದರೆ ಇನ್ನೊಂದನ್ನು ಕೊರೆದು ಹಿಗ್ಗಿಸಬೇಕು ಅಥವಾ ತುಂಬಿ ಹೊಸದಾಗಿ ಕೊರೆಯಬೇಕು. ಸಾಲದೆಂದು ತಗಡಿಗಾಗಿ ಹೊಸ ತಿರುಪಿನ ತೂತುಗಳನ್ನು ಹೊಡೆಯಬೇಕು. ಹೊಸದಾಗಿ ಮಾಡಿಸುವ ವಾದ್ಯದಲ್ಲಿ, ದೊಡ್ಡಬಳ್ಳಾಪುರದ ಸಮೀಪದ ಸಿಂಪಾಡಿಪುರದಂಥ ವೀಣೆ ಮಾಡುವ ಊರಿನಲ್ಲಿಯೇ ಮೊದಲಿನಿಂದ ಅದಕ್ಕೆಂದೇ ಪೆಟ್ಟಿಗೆಯನ್ನು ರೂಪಿಸಿಕೊಂಡರೆ, ಇದರಲ್ಲಿ ಅನ್ಯಾಯವೇನೂ ಇಲ್ಲ. ಮೂರು ತಲೆಮಾರಿನ ಬೀಟೆಯ ವೀಣೆಯ ಮೇಲೆ ಇದನ್ನು ಮಾಡುವುದು ಮಾತ್ರ ಸೀಮೆಸುಣ್ಣದಿಂದಲೋ ಒಂದು ಹೊಸ ಬಿರಡೆಯಿಂದಲೋ ಗುಣವಾಗಬಹುದಾಗಿದ್ದ ಅಂಗವನ್ನು ಛೇದಿಸಿದಂತೆಯೇ. ಹೊಸ ಬಿರಡೆಯನ್ನು ತಿರುಗಣಿಯುಳ್ಳ ಯಾವ ಮರಗೆಲಸದವನಾದರೂ ಮಾದರಿ ನೋಡಿ ಕಡೆದುಕೊಡಬಲ್ಲ. ಹಲ್ಲು ಸವೆದ ಕೀಗೆ ಹಲ್ಲು ಕಟ್ಟಿಕೊಡುವವರು ಅರಸೀಕೆರೆಯಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಕಾಣೆ. ಅದನ್ನು ಬಿಸಾಡಿ ಇನ್ನೊಂದನ್ನು ತರಬೇಕು, ತಂದದ್ದರ ತಗಡಿನ ತೂತುಗಳು ಹಳೆಯ ತೂತುಗಳಿಗೆ ಹೊಂದದಿದ್ದರೆ ಮತ್ತೆ ನಾಲ್ಕು ಕಡೆ ಕೊರೆಯಬೇಕು.

ತಂಬೂರಿಯ ವಿಷಯದಲ್ಲಿ ಈ ಜಗಳವೇ ಬೇಡವೆಂದು ಕಾಲ ತೀರ್ಮಾನಿಸಿದಂತಿದೆ. ಸಿತಾರು ತಂಬೂರಿಗಳಿಗೆ ಹೆಸರಾದ ಮೀರಜು ಬೆಂಗಳೂರಿನಿಂದ ಅರಸೀಕೆರೆ, ಹುಬ್ಬಳ್ಳಿಗಳನ್ನು ಹಾದು ಪುಣೆಗೆ ಹೋಗುವ ರೈಲುದಾರಿಯ ಮೇಲೆಯೇ ಇದೆ. ಆದರೆ 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ಸಿದ್ಧಪಡಿಸಿದಂದಿನಿಂದ, ಎಷ್ಟೋ ಮನೆಗಳಲ್ಲಿ ಬುರುಡೆಯ ತಂಬೂರಿ ಗೋಡೆಯ ಮೂಲೆಗೆ ಸೇರಿ ಬಿರಡೆ ಜಾರಿದರೂ ಕೇಳುವವರಿಲ್ಲದಂತಾಗಿದೆ. ಪೆಟ್ಟಿಗೆಯ ಶ್ರುತಿ ಜಾರುವುದಿಲ್ಲವೆಂಬುದು ಅದರ ಗುಣ. ಜಾರದ ಶ್ರುತಿಯ ಮುಂದೆ ಬೆಳೆದ ವಿದ್ಯಾರ್ಥಿಯ ಕಿವಿ ಜಾರುವುದನ್ನು ಗುರುತಿಸಲು ಕಲಿಯುವುದಿಲ್ಲವೆಂಬುದು ಅದರ ದೋಷ. ಬೆಂಗಳೂರಿನಲ್ಲಿ ಚೌಡಯ್ಯನವರ ಸ್ಮಾರಕಭವನವನ್ನು ಪಿಟೀಲಿನ ಆಕಾರದಲ್ಲಿಯೂ ರುದ್ರಪಟ್ಟಣದಲ್ಲಿ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ತಂಬೂರಿಯ ಆಕಾರದಲ್ಲಿಯೂ ಕಟ್ಟಿ ವಾದ್ಯಗಳಿಗೆ ಗೌರವ ಸಲ್ಲಿಸಿರುವ ನಮ್ಮ ನಾಡಿನಲ್ಲಿ, ಜಿಲ್ಲೆಗೊಬ್ಬ ಬಿರಡೆ ಕೂಡಿಸಬಲ್ಲವನನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಅಗ್ಗದ ಕೆಲಸವೆಂದು ಮಾತ್ರ ಹೇಳಬಹುದು.

ಬೇಲೂರು, ಹಳೇಬೀಡು, ಅರಸೀಕೆರೆಗಳ ನಡುವೆ ಓಡಾಡುವ ವಾದ್ಯಗಳ ಯಜಮಾನರಿಗೆ ಈ ಪರೀಕ್ಷೆಯಿಂದ ಹೊರಡುವ ವಿಧಿ ದೊಡ್ಡದೇನಲ್ಲ. ಹೊಸ ಬಿರಡೆಯನ್ನು ಕಡೆಸುವುದಾದರೆ ಚೈತ್ರ ವೈಶಾಖಗಳಲ್ಲಿ, ಮರ ಪೂರ್ತಿ ಕುಗ್ಗಿರುವಾಗ ಕಡೆಸುವುದು ಲೇಸು. ಮಳೆಗಾಲದಲ್ಲಿ ಹೊಂದಿಸಿದುದು ಮಾಘಕ್ಕೆ ಸಡಿಲವಾಗದೆ ಇರದು. ಮಳೆ ಹಿಡಿಯುವ ಮೊದಲು ಬಿರಡೆಗಳನ್ನು ಅರ್ಧ ಸುತ್ತು ಸಡಿಲಿಸಿ ಇಟ್ಟರೆ ಅವು ಹಿಗ್ಗಿದಾಗ ಹಲಗೆ ಸೀಳುವುದಿಲ್ಲ. ಈಗಾಗಲೇ ಕೀಗಳನ್ನು ಹಾಕಿಸಿಬಿಟ್ಟಿರುವ ಹಳೆಯ ವೀಣೆಗಳಿಂದ ಅವುಗಳನ್ನು ಕೀಳಿಸಿ ಮತ್ತೆ ಬಿರಡೆ ಹಾಕಿಸಬೇಕೆಂದು ನಾನು ಹೇಳುವುದಿಲ್ಲ. ಒಂದು ಗಾಯದ ಮೇಲೆ ಇನ್ನೊಂದು ಗಾಯವಾಗುತ್ತದೆ. ಅವುಗಳ ತಗಡಿನ ತಿರುಪುಗಳನ್ನು ಮಾತ್ರ ವರ್ಷಕ್ಕೆರಡು ಸಲ, ಯುಗಾದಿಯ ಹೊತ್ತಿಗೊಮ್ಮೆ ಆಯುಧಪೂಜೆಯ ಹೊತ್ತಿಗೊಮ್ಮೆ, ಸಣ್ಣ ತಿರುಪುಳಿಯಿಂದ ಮುಟ್ಟಿನೋಡಿ, ಸುಮ್ಮನೆ ಸುತ್ತುತ್ತಿರುವುದು ಕಂಡುಬಂದರೆ ಆ ತೂತಿಗೆ ಬೀಟೆಯ ಕಡ್ಡಿಯೊಂದನ್ನು ಅಂಟಿಸಿ ತುಂಬಿಸತಕ್ಕದ್ದು.